ಎಣ್ಣೆ ಮಿಲ್ಲಿನ ಹಿಂದಿನ ಹಡಗು

ಒಣಗಿಸುವ ವಿದ್ಯೆಯಲ್ಲಿ ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜನ ಹೇಳುತ್ತಾರೆ. ಜನ ಹೇಳದಿದ್ದರೆ ನಾನೇ ಹೇಳುತ್ತೇನೆ. ಶೇಂಗಾ ದಲಾಲಿ ಅಂಗಡಿಯಲ್ಲಿ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ರೈತ ಚೀಲ ಬಿಚ್ಚಿದ ಕೂಡಲೇ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಗಲ್ ಗಲ್ ಎಂದರೆ ಒಣಗಿದ ಮಾಲು. ಸುಮ್ಮನಿದ್ದರೆ ಹಸಿ. "ಇನ್ನೂ ಸ್ವಲ್ಪ ಬಿಸಿಲು ಕಾಣ್ಸಪ್ಪಾ" ಎಂದು ವಾಪಸ್ಸು ಕಳಿಸುತ್ತಿದ್ದೆ. ಹಸಿ ಎಂದರೆ ನಷ್ಟ, ಒಣಗಿದ್ದು ಎಂದರೆ ಲಾಭ. ಇಷ್ಟು ತಿಳಿದುಕೊಂಡರೆ ಜಗತ್ತಿನಲ್ಲಿ ಯಾವ ವ್ಯವಹಾರವನ್ನಾದರೂ ನಿಭಾಯಿಸಬಹುದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಇಂಥ ನಾನು ಒಂದು ಹಾಯಿದೋಣಿ ಕೊಂಡುಕೊಂಡೆ.

ಯಾಕೆ ಕೊಂಡೆ ಎನ್ನುವುದಕ್ಕೆ ನನ್ನ ಹೆಂಡತಿ ಓಬಮ್ಮನ ವಿಷಯ ಹೇಳಬೇಕು. ಓಬಮ್ಮ ಮೊಳಕಾಲ್ಮೂರಿನ ಮಗ್ಗದ ಮನೆಯ ಹುಡುಗಿ. ಸಮುದ್ರ ನೋಡಿದವಳಲ್ಲ. ಮದುವೆಯಾದ ಹೊಸತರಲ್ಲಿ, ಗಂಡಸರು ಏನು ಬೇಕಾದರೂ ಒಪ್ಪಿಕೊಳ್ಳುವ ಆ ಕಾಲದಲ್ಲಿ, "ನಿನಗೆ ಸಮುದ್ರ ತೋರಿಸ್ತೀನಿ" ಎಂದು ಮಾತು ಕೊಟ್ಟಿದ್ದೆ. ಅದನ್ನು ನಾನು ಮರೆತೆ. ಅವಳು ಮರೆಯಲಿಲ್ಲ. ಒಂದು ವರ್ಷ ಶೇಂಗಾ ಸುಗ್ಗಿ ಅಡ್ಡ ಬಂತು, ಒಂದು ವರ್ಷ ನನ್ನ ತಮ್ಮನ ಮದುವೆ, ಉಳಿದ ವರ್ಷಗಳಲ್ಲಿ ಏನು ಅಡ್ಡ ಬಂತೆಂದು ನನಗೂ ನೆನಪಿಲ್ಲ. ಅವಳ ಅತ್ತಿಗೆ ಲಕ್ಷ್ಮಕ್ಕ ಮೊಳಕಾಲ್ಮೂರು, ರಾಂಪುರದ ಹೆಂಗಸರನ್ನು ಸೇರಿಸಿಕೊಂಡು ವರ್ಷವರ್ಷವೂ ಮಿನಿ ಬಸ್ಸು ಮಾಡಿ ಗೋಕರ್ಣ, ಮುರ್ಡೇಶ್ವರ, ಮಲ್ಪೆ ಎಂದು ಟೂರು ಹೊರಡುತ್ತಾಳೆ. ವರ್ಷವರ್ಷವೂ ಓಬಮ್ಮನನ್ನು ಕರೆಯುತ್ತಾಳೆ. ವರ್ಷವರ್ಷವೂ ನಾನು ಒಂದೇ ಮಾತು ಹೇಳುತ್ತಿದ್ದೆ.

"ಬಸ್ಸಲ್ಲಿ ಹೋಗಿ, ದಂಡೆ ಮೇಲೆ ನಿಂತು, ಫೋಟೋ ಹೊಡೆಸ್ಕೊಂಡು ಬರೋದಕ್ಕೆ ಸಮುದ್ರ ನೋಡೋದು ಅಂತಾರೇನೇ? ತಾಳು, ನಾನೇ ಸರಿಯಾಗಿ ತೋರಿಸ್ತೀನಿ."

ಓಬಮ್ಮ ತಾಳುತ್ತಿದ್ದಳು.

ಹೋದ ವರ್ಷ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟೆ. ಕೈಗೆ ಕೆಲಸವಿಲ್ಲದೆ, ಶೇಂಗಾ ಹಿಂಡಿ ತುಂಬಿಕೊಂಡು ಕುಂದಾಪುರದ ಕಡೆಗೆ ಹೊರಟಿದ್ದ ಪರಿಚಯದ ಲಾರಿಯಲ್ಲಿ ಸುಮ್ಮನೆ ಗಾಳಿ ಸೇವನೆಗೆ ಹೋದೆ. ಅಲ್ಲಿ ಒಂದು ಹೊಳೆ ಸಮುದ್ರ ಸೇರುವ ಜಾಗದಲ್ಲಿ ಈ ದೋಣಿ ನಿಂತಿತ್ತು. ಪೂರ್ತಿ ಮರದ್ದು. ನಡುವೆ ಎತ್ತರದ ಹಾಯಿಕಂಬ, ಹೊಟ್ಟೆಯೊಳಗೆ ಒಂದು ಪುಟ್ಟ ಕೋಣೆ, ಕೋಣೆಯಲ್ಲಿ ಇಬ್ಬರು ಮಲಗುವಷ್ಟು ಹಲಗೆ, ಮೂಲೆಯಲ್ಲಿ ಒಲೆ ಇಡುವ ಜಾಗ. ಒಂದೆರಡು ಹಲಗೆ ಕೊಳೆತಿದ್ದವು, ಹಾಯಿ ಹರಿದಿತ್ತು. ಅದರ ಯಜಮಾನರಿಗೆ ವಯಸ್ಸಾಗಿತ್ತು, ಯಾರಿಗಾದರೂ ದಾಟಿಸಿದರೆ ಸಾಕಾಗಿತ್ತು. ನಾನು ಸಿಕ್ಕಿದೆ.

ನನ್ನ ತಲೆಯಲ್ಲಿ ಯೋಜನೆ ಒಂದೇ ಗಳಿಗೆಗೆ ಸಿದ್ಧವಾಯಿತು. ಚಳ್ಳಕೆರೆ ಮನೆ ಬಾಡಿಗೆಗೆ. ನಾವಿಬ್ಬರೂ ದೋಣಿಯಲ್ಲಿ ವಾಸ. ಮಲ್ಪೆಯಿಂದ ಕಾರವಾರದವರೆಗೆ ದಂಡೆ ಹಿಡಿದುಕೊಂಡು ನಿಧಾನವಾಗಿ ಸಂಚಾರ. ಹಸಿವಾದಲ್ಲಿ ಅಡುಗೆ, ನಿದ್ದೆ ಬಂದಲ್ಲಿ ಲಂಗರು. ಹುಟ್ಟಿದಾಗಿನಿಂದ ನೀರಿಲ್ಲದೆ ಬದುಕಿದವನಿಗೆ ನೀರಿನ ಮೇಲೆ ಬದುಕುವುದು ಏನು ಮಹಾ!

"ಸಮುದ್ರ ಕಾಣ್ತೈತೇನ್ರೀ?" ಎಂದು ಓಬಮ್ಮ ಫೋನಿನಲ್ಲಿ ಕೇಳಿದಳು.

"ಕಾಣೋದೇನು, ಅದರ ಮೇಲೇ ಮಲಗ್ತೀಯ!"

"ಹಂಗಾದ್ರೆ ಈರುಳ್ಳಿ ಜಾಸ್ತಿ ಇಟ್ಕಬೇಕು, ಅಲ್ಲಿ ಸಿಗ್ತದೋ ಇಲ್ಲೋ" ಎಂದಳು. ಅವಳ ಒಪ್ಪಿಗೆ ಇಷ್ಟೇ. ಯುಗಾದಿಯಿಂದ ಹನ್ನೊಂದು ತಿಂಗಳಿಗೆ ಕರಾರು ಮಾಡಿ ಮನೆಯನ್ನು ಬಾಡಿಗೆಗೆ ಕೊಟ್ಟುಬಿಟ್ಟೆವು.

ಈಗ ರಿಪೇರಿ. ಅದೇ ಲಾರಿಯಲ್ಲಿ ಮತ್ತೆ ಕುಂದಾಪುರಕ್ಕೆ ಹೋದೆ. ದೋಣಿಯ ಹೊಟ್ಟೆಯೊಳಗೆ ಇಳಿದು ಹಲಗೆಯನ್ನು ಬೆರಳಿನಿಂದ ತಟ್ಟಿ ಕಿವಿ ಇಟ್ಟೆ. ಧಬ್ ಎಂದಿತು. ಇನ್ನೊಂದು ಕಡೆ ತಟ್ಟಿದೆ. ಅಲ್ಲೂ ಧಬ್. ಹಸಿ! ಇಡೀ ದೋಣಿ ಹಸಿ! ಇಷ್ಟು ವರ್ಷ ನೀರಿನಲ್ಲೇ ಇಟ್ಟು ಹಾಳು ಮಾಡಿದ್ದಾರಲ್ಲ ಎಂದು ನನಗೆ ಸಂಕಟವಾಯಿತು. ಇದಕ್ಕೆ ಬೇಕಾದದ್ದು ಬಿಸಿಲು. ಬಿಸಿಲು ಎಂದರೆ ಚಳ್ಳಕೆರೆ. ಅಲ್ಲಿ ಲಾರಿ ಬಾಡಿ ಕಟ್ಟುವ ಬಡಗಿಗಳೂ ಇದ್ದಾರೆ. ಲಾರಿಗೂ ದೋಣಿಗೂ ವ್ಯತ್ಯಾಸವೇನು, ಎರಡೂ ಹಲಗೆ! ಹಿಂಡಿ ಇಳಿಸಿ ಖಾಲಿ ಹೊರಟಿದ್ದ ಅದೇ ಲಾರಿಯ ಮೇಲೆ, ಕ್ರೇನಿನವರನ್ನು ಹಿಡಿದು ದೋಣಿ ಏರಿಸಿದೆ. ಸಮುದ್ರದ ಅಂಚಿನಲ್ಲಿ ಆರಾಮವಾಗಿ ತೇಲುತ್ತಿದ್ದ ದೋಣಿಯನ್ನು ಘಟ್ಟ ಹತ್ತಿಸಿ ಬಯಲುಸೀಮೆಗೆ ತಂದವನು ನಾನೊಬ್ಬನೇ ಇರಬೇಕು.

ಪರಿಚಯದವರ ಎಣ್ಣೆ ಮಿಲ್ಲಿನ ಹಿಂದೆ ಖಾಲಿ ಜಾಗವಿತ್ತು. ಸಿಮೆಂಟ್ ಇಟ್ಟಿಗೆ ಜೋಡಿಸಿ, ಎರಡೂ ಪಕ್ಕಕ್ಕೆ ಮರದ ಊರುಗೋಲು ಕೊಟ್ಟು ನಿಲ್ಲಿಸಿದೆವು. ಊರಿಗೆ ಊರೇ ನೋಡಲು ಬಂತು. ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ.

"ಏನ್ ತಿಪ್ಪೇಸ್ವಾಮಣ್ಣ, ಕೆರೆ ತುಂಬ್ತೈತಂತಾ?"

ಮನೆ ಖಾಲಿ ಮಾಡಿಯಾಗಿತ್ತು. ರಿಪೇರಿಗೆ ಬೇಕಾಗುವುದು ಕೆಲವೇ ದಿನ. ಅಷ್ಟರಲ್ಲಿ ಯಾರ ಮನೆಯಲ್ಲೋ ಯಾಕೆ ಇರಬೇಕು ಎಂದು ನಾವು ಅಲ್ಲೇ, ಆ ದೋಣಿಯಲ್ಲೇ ಸಂಸಾರ ಹೂಡಿದೆವು. ಅಭ್ಯಾಸವೂ ಆಗುತ್ತದೆ ಎಂದು ನಾನು ಓಬಮ್ಮನಿಗೆ ಧೈರ್ಯ ಹೇಳಿದೆ. ಹತ್ತಲು ಇಳಿಯಲು ಸುಣ್ಣ ಹೊಡೆಯುವವರ ಏಣಿ. ಓಬಮ್ಮ ಬಿಂದಿಗೆ ಹೊತ್ತು ಏಣಿ ಹತ್ತುವಾಗ ಮಿಲ್ಲಿನ ಹೆಂಗಸರು ಕೆಲಸ ನಿಲ್ಲಿಸಿ ಉಸಿರು ಹಿಡಿದು ನೋಡುತ್ತಿದ್ದರು. ಗ್ಯಾಸ್ ತರುವವನು ಸಿಲಿಂಡರನ್ನು ಕೆಳಗಿಟ್ಟು "ಹಡಗಿಗೆಲ್ಲಾ ಡೆಲಿವರಿ ಇಲ್ಲ ಸಾರ್" ಎಂದು ಹೊರಟೇ ಹೋದ. ಆಟೋದವರು ಆ ಜಾಗಕ್ಕೆ ಹಡಗು ಸ್ಟಾಪ್ ಎಂದು ಹೆಸರಿಟ್ಟರು. ನಮ್ಮ ಹೊಟ್ಟೆಯಡಿ, ಅಂದರೆ ದೋಣಿಯ ಹೊಟ್ಟೆಯಡಿ, ಒಳ್ಳೆಯ ನೆರಳಿದೆ ಎಂದು ಕುರಿ ಕಾಯುವ ಕಾಟಪ್ಪ ಮಧ್ಯಾಹ್ನದ ಹೊತ್ತಿಗೆ ತನ್ನ ಹಿಂಡನ್ನು ಅಲ್ಲಿ ತಂದು ಮಲಗಿಸತೊಡಗಿದ. ಮೇಲೆ ನಾವು, ಕೆಳಗೆ ಕುರಿ.

"ಸಾವ್ಕಾರ್ರೇ, ಇದು ಯಾವಾಗ ಹೊಂಡ್ತದೆ?" ಎಂದು ಅವನು ಪ್ರತಿದಿನ ಕೇಳುತ್ತಿದ್ದ.

"ಯಾಕಪ್ಪಾ?"

"ಅಲ್ಲ, ಮತ್ತೆ ಬ್ಯಾರೆ ನೆಳ್ಳು ಹುಡುಕ್ಬೇಕಲ್ಲ."

ಏಪ್ರಿಲ್ ಬಂತು, ಮೇ ಬಂತು. ನಮ್ಮ ಕಡೆಯ ಬಿಸಿಲಿನ ವರ್ಣನೆ ನಾನು ಮಾಡಬೇಕಾಗಿಲ್ಲ. ಬಡಗಿ ಕೊಳೆತ ಹಲಗೆ ಬದಲಾಯಿಸಿಕೊಟ್ಟು ಹೋದ. ನಾನು ದಿನಾ ಬೆಳಿಗ್ಗೆ ಹಲಗೆ ತಟ್ಟಿ ಕಿವಿ ಇಡುತ್ತಿದ್ದೆ. ಧಬ್ ಎನ್ನುತ್ತಿದ್ದದ್ದು ಠಪ್ ಎಂದಿತು. ಠಪ್ ಎನ್ನುತ್ತಿದ್ದದ್ದು ಠಣ್ ಎಂದಿತು. ನನ್ನ ಆನಂದಕ್ಕೆ ಪಾರವಿಲ್ಲ! "ಕೇಳೇ, ಕೇಳೇ ಇಲ್ಲಿ! ಅಡಿಯಿಂದ ಮುಡಿವರೆಗೂ ಒಣಗೈತೆ!" ಎಂದು ಓಬಮ್ಮನನ್ನು ಕರೆದೆ.

ಅವಳು ಕೋಣೆಯೊಳಗೆ ಮಲಗಿದ್ದಲ್ಲಿಂದಲೇ ಹೇಳಿದಳು. "ರೀ, ಇಲ್ಲಿಂದ ನಂಗೆ ಕಾಟಪ್ಪನ ಟಗರು ಕಾಣ್ತೈತೆ."

ನಿಜ. ಹಲಗೆ ಹಲಗೆಯ ನಡುವೆ ಬೆಳಕು ಬರುತ್ತಿತ್ತು. ಒಂದು ಸಂದಿಯಲ್ಲಂತೂ ಟಗರಿನ ಕಣ್ಣು ನಮ್ಮನ್ನೇ ನೋಡುತ್ತಿತ್ತು.

ನಾನು ಎದೆಗುಂದಲಿಲ್ಲ. ಡಾಂಬರು, ಹತ್ತಿ ಹಗ್ಗ, ಬಡಗಿ ಕೊಟ್ಟ ಪುಟ್ಟಿ, ಸಿಕ್ಕಿದ್ದನ್ನೆಲ್ಲ ತುಂಬಿದೆ. ಸಂಜೆಗೆ ತುಂಬಿದ ಸಂದಿ ಮರುದಿನದ ಬಿಸಿಲಿಗೆ ಪಕ್ಕದಲ್ಲಿ ಹೊಸದಾಗಿ ಬಾಯಿ ಬಿಡುತ್ತಿತ್ತು. ಈ ಕಡೆ ತುಂಬಿದರೆ ಆ ಕಡೆ. ಆ ಕಡೆ ತುಂಬಿದರೆ ಈ ಕಡೆ. ಅಷ್ಟರಲ್ಲಿ ಮುಂಗಾರು ಶುರುವಾಗಿ, ಈಗ ಸಮುದ್ರಕ್ಕೆ ದೋಣಿ ಇಳಿಸುವಂತಿಲ್ಲ, ಗಣಪತಿ ಹಬ್ಬ ಕಳೆಯಲಿ ಎಂದು ಕರಾವಳಿಯಿಂದ ದೋಣಿಯ ಹಳೇ ಯಜಮಾನರ ಫೋನು ಬಂತು. ಅಲ್ಲಿ ಮಳೆಯಂತೆ. ನಮ್ಮಲ್ಲಿ ಮೋಡ ಬರುತ್ತಿತ್ತು, ಹಡಗನ್ನು ನೋಡುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು.

ಸುಮ್ಮನೆ ಕೂರುವ ಬದಲು ಹಾಯಿಯನ್ನಾದರೂ ಪರೀಕ್ಷೆ ಮಾಡೋಣ ಎನ್ನಿಸಿತು. ಹಾಯಿ ಹೊಲಿಸಿದ್ದು ಲಾರಿಗಳಿಗೆ ಟಾರ್ಪಾಲು ಹೊಲಿಯುವ ಬಾಷಾ ಸಾಬರ ಹತ್ತಿರ.

"ಫಿಕರ್ ಮಾಡ್ಬೇಡಿ ಸಾವ್ಕಾರ್," ಎಂದಿದ್ದರು ಅವರು. "ನನ್ನ ಟಾರ್ಪಾಲ್ ಒಳಗೆ ಗಾಳಿ ಹೋಗಲ್ಲ, ಹೊರಗೂ ಬರಲ್ಲ."

ಅದು ಆಷಾಢ ಮಾಸ. ಆಷಾಢದ ಗಾಳಿ ನಮ್ಮಲ್ಲಿ ಹೇಗಿರುತ್ತದೆಂದು ಗೊತ್ತಿದ್ದೂ ಗೊತ್ತಿದ್ದೂ ನಾನು ಹಗ್ಗ ಎಳೆದೆ. ಹಾಯಿ ಮೇಲೇರಿತು. ಹೊಟ್ಟೆ ಉಬ್ಬಿಸಿಕೊಂಡಿತು. ನಾನು ಒಂದು ಕೈ ಸೊಂಟದ ಮೇಲಿಟ್ಟು ಕ್ಯಾಪ್ಟನ್ನನಂತೆ ನಿಂತೆ. ಕೆಳಗೆ ನಿಂತಿದ್ದ ಬಾಷಾ ಸಾಬರು "ವಾಹ್ ವಾಹ್!" ಎಂದರು. ಆಗ ಊರುಗೋಲು ಕರ್ ಎಂದಿತು. ಕುರಿಗಳಿಗೆ ನಮಗಿಂತ ಮೊದಲು ತಿಳಿಯಿತು, ಎಲ್ಲವೂ ಒಟ್ಟಿಗೆ ಹೊರಗೆ ಓಡಿದವು. ದೋಣಿ ಇಟ್ಟಿಗೆಯ ಮೇಲಿಂದ ಜಾರಿ, ಮಣ್ಣಿನಲ್ಲಿ ಕೆರೆದುಕೊಂಡು ಮುಂದಕ್ಕೆ ಹೋಗಿ, ಮಿಲ್ಲಿನ ಕಾಂಪೌಂಡು ಗೋಡೆಗೆ ಮೂತಿ ಇಟ್ಟು ನಿಂತಿತು. ನಮ್ಮ ಸಮುದ್ರಯಾನ ಎಂದು ನಾನು ಹೇಳಿಕೊಳ್ಳಬಹುದಾದದ್ದು ಇದೊಂದೇ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಓಬಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಅವಳು ಕೈಯಲ್ಲಿ ಸೌಟು ಹಿಡಿದು, ಸೆರಗಿನ ತುಂಬ ಸಾರು ಚೆಲ್ಲಿಕೊಂಡು ಮೇಲೆ ಬಂದಳು. ಓಬಮ್ಮನಿಗೆ ಕೋಪ ನೆತ್ತಿಗೇರಿದಾಗ, ಇಲ್ಲವೇ ಸಂತೋಷ ತಡೆಯಲಾರದಷ್ಟು ಆದಾಗ ತವರಿನ ತೆಲುಗು ಬಾಯಿಗೆ ಬರುತ್ತದೆ. ಸಂತೋಷದ ತೆಲುಗು ನಾನು ಕೇಳಿದ್ದು ಕಡಿಮೆ.

"ಚಾಲು! ಇಂಕ ಚಾಲು!" ಎಂದಳು. ಸಾಕು, ಇನ್ನು ಸಾಕು ಎಂದು ಅರ್ಥ.

ಕ್ರೇನು ತರಿಸಿ ದೋಣಿಯನ್ನು ಮತ್ತೆ ನಿಲ್ಲಿಸುವಷ್ಟರಲ್ಲಿ ಶ್ರಾವಣ ಬಂದಿತ್ತು. ಮೂತಿ ತಗುಲಿ ಬಿದ್ದ ಗೋಡೆ ಕಟ್ಟಿಸಿಕೊಟ್ಟೆ. ಸಂದಿಗಳನ್ನು ಮತ್ತೆ ತುಂಬಿದೆ. ಈಗ ಸೋರುತ್ತದೋ ಇಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಮಡಕೆ ಕೊಳ್ಳುವಾಗ ಒಳಗೆ ನೀರು ಹಾಕಿ ನೋಡುವುದಿಲ್ಲವೇ? ಹಾಗೆಯೇ. ನೀರಿನ ಟ್ಯಾಂಕರ್ ಕರೆಸಿದೆ. ಪೈಪನ್ನು ದೋಣಿಯೊಳಗೆ ಇಳಿಬಿಟ್ಟು "ಬಿಡಪ್ಪಾ" ಎಂದೆ.

ಮೊದಲು ಒಂದು ಸಂದಿಯಲ್ಲಿ ನೀರು ಜಿನುಗಿತು. ಆಮೇಲೆ ಇನ್ನೊಂದರಲ್ಲಿ. ನೋಡನೋಡುತ್ತಿದ್ದಂತೆ ದೋಣಿಯ ಸುತ್ತಲೂ, ಒಂದೊಂದು ಸಂದಿಯಿಂದಲೂ, ನಲ್ಲಿ ತಿರುಗಿಸಿದ ಹಾಗೆ ನೀರು ಸುರಿಯತೊಡಗಿತು. ಆ ವಾರ ನಮ್ಮ ಬೀದಿಯ ನಲ್ಲಿಗೆ ನೀರೇ ಬಂದಿರಲಿಲ್ಲ. ಸುದ್ದಿ ಯಾರು ಮುಟ್ಟಿಸಿದರೋ! ಓಣಿಯ ಹೆಂಗಸರು ಬಿಂದಿಗೆ, ಬಕೆಟ್ಟು, ಕುಕ್ಕರು ಹಿಡಿದು ಓಡಿ ಬಂದು ಒಬ್ಬೊಬ್ಬರು ಒಂದೊಂದು ಸೋರುವ ಜಾಗ ಹಿಡಿದು ನಿಂತುಬಿಟ್ಟರು.

"ಏಯ್, ನಾನು ಮುಂಚೆ ಬಂದಿದ್ದು, ಈ ಸಂದಿ ನಂದು!"

"ನಿಂದು ಅಂತ ಬರ್ದೈತೇನೇ? ಆ ಕಡೆ ಡಾಂಬ್ರು ಹತ್ರ ಹೋಗು, ಅಲ್ಲಿ ಜೋರಾಗಿ ಬತ್ತೈತೆ!"

"ತಿಪ್ಪೇಸ್ವಾಮಣ್ಣಾ, ನಾಳೆನೂ ಬಿಡ್ತೀರಾ? ಎಷ್ಟೊತ್ತಿಗೆ?"

ಚಳ್ಳಕೆರೆಯಲ್ಲಿ ಇದುವರೆಗೆ ಇಷ್ಟು ಜನ ಒಟ್ಟಿಗೆ ನನ್ನನ್ನು ಹರಸಿದ್ದಿಲ್ಲ. ನಾನು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳು ಬರುವುದೊಂದು ಬಾಕಿ. ಬಂತು ಕೂಡ, ಆದರೆ ಎಲ್ಲೆಲ್ಲೂ ನೀರಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮಾರನೆಯ ದಿನ ಒಳಗೆ ಉಳಿದ ಕೆಸರು ಬಳಿಯುತ್ತಿದ್ದ ಓಬಮ್ಮ ನನ್ನನ್ನು ಕರೆದಳು. ತಳದ ಹಲಗೆಗಳ ನಡುವೆ, ರಾತ್ರಿಯೆಲ್ಲಾ ನೀರು ನಿಂತಿದ್ದ ಜಾಗದಲ್ಲಿ, ಬೆರಳಾಡಿಸಿದಳು.

"ಇಲ್ಲಿ ನೋಡ್ರಿ. ನಿನ್ನೆ ಇಲ್ಲಿ ಸಂದಿ ಇತ್ತು. ಈಗ ಇಲ್ಲ."

"ಪುಟ್ಟಿ ಹಿಡ್ಕೊಂಡಿರ್ಬೇಕು."

"ಇಲ್ಲಿ ಪುಟ್ಟಿನೇ ಹಾಕಿಲ್ಲ ನೀವು." ಬೆರಳನ್ನು ಅಲ್ಲೇ ಇಟ್ಟುಕೊಂಡು ಕೇಳಿದಳು. "ರೀ, ಗುದ್ದಲಿ ಕಾವು ಸಡಿಲ ಆದ್ರೆ ಏನ್ಮಾಡ್ತೀರಿ?"

"ನೀರಾಗೆ ನೆನೆಹಾಕ್ತೀನಿ."

"ಯಾಕೆ?"

"ಯಾಕೆ ಅಂದ್ರೆ? ಮರ ಉಬ್ಬಿ ಬಿಗಿ ಆಗ್ಲಿ ಅಂತ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಓಬಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಗುದ್ದಲಿ ನೆನೆಹಾಕಿದವನು ನಾನು. ದೋಣಿ ಹಸಿಯಾಗಿದ್ದದ್ದರಿಂದಲೇ ಗಟ್ಟಿಯಾಗಿತ್ತು. ಅದನ್ನು ಅಲ್ಲಿಂದ ಎತ್ತಿ, ಲಾರಿಯಲ್ಲಿ ಹೊತ್ತು, ಕಷ್ಟಪಟ್ಟು, ಆಸೆಪಟ್ಟು, ಒಣಗಿಸಿ ಒಣಗಿಸಿ ಜಾಲರಿ ಮಾಡಿದ್ದೆ. ಅವಳು ಬೈಯಬಹುದಿತ್ತು. ಬೈಯಲಿಲ್ಲ. ಕೆಸರಿನ ಬಟ್ಟೆ ಹಿಂಡಿ, "ಈಗ ನೆನೆಹಾಕೋಕೆ ನೀರೆಲ್ಲಿಂದ ತರೋಣ?" ಎಂದಳು.

ಅದೇ ಪ್ರಶ್ನೆ. ಕರಾವಳಿಗೆ ವಾಪಸ್ಸು ಒಯ್ಯೋಣವೆಂದರೆ, ಈ ಸ್ಥಿತಿಯಲ್ಲಿ ಘಟ್ಟದ ತಿರುವಿನಲ್ಲಿ ಕುಲುಕಿದರೆ ಹಲಗೆ ಹಲಗೆಯಾಗಿ ದಾರಿಯಲ್ಲೇ ಉದುರುತ್ತದೆ, ನಾನು ಹೊತ್ತೊಯ್ಯುವುದಿಲ್ಲ ಎಂದು ಲಾರಿಯವನು ಖಡಾಖಂಡಿತವಾಗಿ ಹೇಳಿದ. ಮೊದಲು ಇಲ್ಲೇ ನೆನೆದು ಬಿಗಿಯಾಗಬೇಕು. ಕೆರೆಗೆ ಇಳಿಸೋಣವೆಂದರೆ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಟ್ಯಾಂಕರಿನವನು "ಕುಡಿಯೋಕಾದ್ರೆ ಕೊಡ್ತೀನಿ, ಮರಕ್ಕೆಲ್ಲಾ ಕೊಡಲ್ಲ" ಎಂದ. ಕೊನೆಗೆ ತಮ್ಮನ ಅಂಗಡಿಯಿಂದ ಹಳೇ ಗೋಣಿಚೀಲ ತಂದು ದೋಣಿಯ ಸುತ್ತ ಹೊದಿಸಿ ದಿನಾ ನೀರು ಹನಿಸತೊಡಗಿದೆವು. ಅಕ್ಕಿ ತೊಳೆದ ನೀರು, ಬಟ್ಟೆ ಒಗೆದ ನೀರು, ಸ್ನಾನದ ನೀರು, ಎಲ್ಲವೂ ದೋಣಿಗೆ. ಮೂತಿಯಿಂದ ಶುರು ಮಾಡಿ ಬಾಲಕ್ಕೆ ಬರುವಷ್ಟರಲ್ಲಿ ಮೂತಿ ಒಣಗಿರುತ್ತಿತ್ತು! ಶೇಂಗಾ ವಾಸನೆಗೆ ಕಾಟಪ್ಪನ ಕುರಿಗಳು ಗೋಣಿಯನ್ನೇ ತಿನ್ನತೊಡಗಿದವು. ಓಬಮ್ಮ ಗೋಣಿಗೆ ತೇಪೆ ಹಾಕುತ್ತಾ ಕೂರುತ್ತಿದ್ದಳು. ಒಂದು ಕಡೆ ಬಿಗಿಯಾದರೆ ನಾವಿಬ್ಬರೂ ಮಗು ಹಲ್ಲು ಬಿಟ್ಟಿದೆ ಎಂಬಂತೆ ಬೆರಳಿಟ್ಟು ನೋಡುತ್ತಿದ್ದೆವು.

ಗಣಪತಿ ಹಬ್ಬ ಕಳೆಯಿತು. ದಸರಾ ಕಳೆಯಿತು. ಲಕ್ಷ್ಮಕ್ಕನ ಫೋನು ಬಂತು. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಓಬೀ, ಶುಕ್ರವಾರ ಹೊಂಡ್ತಿದೀವಿ. ಒಂದು ಸೀಟು ಐತೆ. ನಿಮ್ಮ ಯಜಮಾನ್ರನ್ನ ಕೇಳು."

ಓಬಮ್ಮ ನನ್ನನ್ನು ಕೇಳಲಿಲ್ಲ. ಗೋಣಿ, ಸೂಜಿ ಕೆಳಗಿಟ್ಟು, "ಬರ್ತೀನಿ ಅತ್ತಿಗೆ" ಎಂದಳು. ಅವಳು ಜಗಳ ಮಾಡಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಆದರೂ ಗಂಡಸಿನ ಬಾಯಿ ಸುಮ್ಮನಿರಬೇಕಲ್ಲ! "ಹೋಗು, ಹೋಗು. ಅಷ್ಟರಲ್ಲಿ ಇದನ್ನ ರೆಡಿ ಮಾಡಿ ನೀರಿನ ಮೇಲೇ ಬಂದು ಮಲ್ಪೆನಲ್ಲಿ ನಿನ್ನ ಸೇರ್ಕೊಂತೀನಿ" ಎಂದೆ.

"ಆಯ್ತು ರೀ" ಎಂದಳು. ಶುಕ್ರವಾರ ಏಣಿ ಇಳಿಯುವಾಗ ತಿರುಗಿ, "ಚಟ್ನಿಪುಡಿ ಸ್ಟೀಲ್ ಡಬ್ಬಿನಾಗೈತೆ. ಗೋಣಿಗೆ ನೀರು ಹಾಕೋದು ಮರೀಬ್ಯಾಡ್ರಿ" ಎಂದಳು. ಬ್ಯಾಗು ಹಿಡಿದು ಹಡಗು ಸ್ಟಾಪಿನಲ್ಲಿ ಆಟೋ ಹತ್ತಿ ಮೊಳಕಾಲ್ಮೂರು ಬಸ್ಸಿಗೆ ಹೋದಳು. ಅವಳು ಹೋದ ಮೇಲೆ ಕೋಣೆಯಲ್ಲಿ ಕೂತೆ. ಅಲ್ಲಿ ಎರಡು ಹಲಗೆ ಇದ್ದವು, ಒಂದು ಖಾಲಿ. ಇಷ್ಟು ವರ್ಷದಲ್ಲಿ ಅವಳು ಕೇಳಿದ್ದು ಒಂದೇ, ಅದಕ್ಕೆ ಬೇಕಾಗಿದ್ದದ್ದು ಒಂದು ಬಸ್ ಟಿಕೆಟ್ಟು. ನಾನು ಅವಳಿಗೆ ಇಡೀ ಒಂದು ಹಡಗು ತಂದುಕೊಟ್ಟು ಸಮುದ್ರ ತಪ್ಪಿಸಿದ್ದೆ.

ಮರುದಿನ ಸಂಜೆ ಫೋನು ಬಂತು. ಮೊದಲು ಬರೀ ಭೋರ್ ಎಂಬ ಸದ್ದು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ನಾನು "ಹಲೋ, ಹಲೋ" ಎಂದು ಕಿರುಚಿದೆ.

"ಕಿರುಚ್ಬ್ಯಾಡ್ರಿ, ಕೇಳ್ರಿ! ಫೋನು ಅದ್ರ ಕಡೆ ಹಿಡ್ದಿದೀನಿ! ಕೇಳ್ತೈತಾ?"

ಕೇಳಿತು. ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಹಿಂದೆ, ಇಟ್ಟಿಗೆಯ ಮೇಲೆ ನಿಂತ ದೋಣಿಯಲ್ಲಿ ಕೂತು ನಾನು ಸಮುದ್ರದ ಸದ್ದು ಕೇಳಿದೆ.

"ಎಂತ ಪೆದ್ದದಿ!" ಎಂದು ಕೂಗಿದಳು ಓಬಮ್ಮ. ಎಷ್ಟು ದೊಡ್ಡದು ಎಂದು, ತೆಲುಗಿನಲ್ಲಿ. "ರೀ, ಕೊನೆನೇ ಇಲ್ಲ ರೀ ಇದಕ್ಕೆ! ದೋಣಿನಾಗೂ ಹೋಗಿದ್ವಿ! ದೂರ, ಒಳಗೆ! ನಮ್ಮ ಅತ್ತಿಗೆ ವಾಂತಿ ಮಾಡ್ಕೊಂಡ್ಲು, ನಂಗೇನೂ ಆಗ್ಲಿಲ್ಲ! ಅದೇನು ಕಷ್ಟ ಇಲ್ಲ ರೀ, ಸುಮ್ಕೆ ಟಿಕೆಟ್ ತಗೊಂಡ್ರೆ ಅವ್ರೇ ಕೂರಿಸ್ಕೊಂಡು ಹೋಗ್ತಾರೆ!"

"ಹೌದಾ" ಎಂದೆ.

ಅವಳು ನಗುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಅಂಥ ನಗು ಇದೆಯೆಂದು ನನಗೆ ಗೊತ್ತಿರಲಿಲ್ಲ. ಸಂತೋಷವಾಯಿತು. ಹೊಟ್ಟೆ ಉರಿಯಿತು. ನಾಚಿಕೆಯಂತೂ ಹೇಳತೀರದು.

"ಮಲ್ಪೆಗೆ ನಾಳಿದ್ದು ಹೋಗ್ತೀವಿ" ಎಂದಳು. ನಾನು ಬರುತ್ತೇನೆಂದ ಮಾತನ್ನು ಎತ್ತಲಿಲ್ಲ, ಪುಣ್ಯಾತಗಿತ್ತಿ. "ಎಲ್ರೂ ಮನೆಗೆ ಏನೇನೋ ತಗೊಂತಿದಾರೆ. ನಿಮಗೇನು ತರ್ಲಿ?"

ಸುತ್ತಲೂ ನೋಡಿದೆ. ಮಧ್ಯಾಹ್ನವಷ್ಟೇ ಹನಿಸಿದ್ದ ಗೋಣಿ ಆಗಲೇ ಗರಿಗರಿಯಾಗಿತ್ತು. ಅದರ ಒಂದು ತುದಿ ಟಗರಿನ ಬಾಯಲ್ಲಿತ್ತು.

"ನೀರು" ಎಂದೆ.

"ಆಂ? ಎಷ್ಟು?"

ಹಲಗೆಯನ್ನು ಬೆರಳಿನಿಂದ ತಟ್ಟಿ ಕಿವಿ ಇಟ್ಟೆ. ಠಣ್ ಎಂದಿತು. ಇಷ್ಟು ಚೆನ್ನಾಗಿ ಒಣಗಿದ ಮಾಲು ಚಳ್ಳಕೆರೆ ಮಾರ್ಕೆಟ್ಟಿಗೆ ಇದುವರೆಗೂ ಬಂದಿಲ್ಲ.

"ಅಲ್ಲಿರೋದೆಲ್ಲಾ ತಗೊಂಡು ಬಾ" ಎಂದೆ.